ತಂಡದಲ್ಲಿ ನಿಮ್ಮ ಪಾತ್ರ ಯಾವುದು? ಒಂದು ನೋಟ್‌ಬುಕ್, ಒಂದು ವಾರ ಸಾಕು

"ನಾನು ಏನು ಮಾಡಬೇಕು ಅಂತ ಯಾರೂ ಸರಿಯಾಗಿ ಹೇಳಲ್ಲ, ಆದರೆ ಕೊನೆಗೆ ಎಲ್ಲಾ ನನ್ನ ತಲೆ ಮೇಲೇ ಬರುತ್ತದೆ."

ಶಿರಸಿ, ಕುಮಟಾ, ಕಾರವಾರ ಕಡೆಯ ಓದುಗರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಕೇಳುವವರು ಮಾತ್ರ ಬೇರೆ ಬೇರೆ. ಸ್ವಸಹಾಯ ಸಂಘದ ಕಾರ್ಯದರ್ಶಿ, ಸೊಸೈಟಿಯ ಗುಮಾಸ್ತ, ಊರಲ್ಲಿ ವರ್ಷಕ್ಕೊಂದು ಯಕ್ಷಗಾನದ ಆಟ ಆಡಿಸುವ ಸಮಿತಿಯವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಹಳ್ಳಿ ಮನೆಯಿಂದಲೇ ಮಾಡುತ್ತಿರುವ ಹುಡುಗ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಬರೆದು, ಒಂದೇ ಕಡೆ ಪೂರ್ತಿಯಾಗಿ ಬರೆದಿಡೋಣ ಅನ್ನಿಸಿತು.

ಮೊದಲೇ ಒಂದು ಮಾತು. ಈ ತೊಂದರೆ ನಿಮ್ಮ ಸೋಮಾರಿತನದಿಂದ ಬಂದದ್ದಲ್ಲ, ಪಕ್ಕದವರ ಕೆಟ್ಟತನದಿಂದ ಬಂದದ್ದೂ ಅಲ್ಲ. ಹೆಚ್ಚಿನ ಸಲ ಒಬ್ಬರ ಮೇಲೆ ಮೂರು ಪಾತ್ರ ಒಟ್ಟಿಗೆ ಬಂದು ಕೂತಿರುತ್ತವೆ. ಯಾವಾಗ ಯಾವುದರಲ್ಲಿದ್ದೇವೆ ಅನ್ನುವುದು ನಮಗೂ ಗೊತ್ತಿರುವುದಿಲ್ಲ, ಎದುರಿನವರಿಗೂ ಗೊತ್ತಿರುವುದಿಲ್ಲ.

ಆ ಮೂರು ಪಾತ್ರ ಹೀಗಿವೆ.

ಹುದ್ದೆಯ ಪಾತ್ರ ಅಂದರೆ ಕಾಗದದಲ್ಲಿ ಇರುವುದು. ಅಧ್ಯಕ್ಷೆ, ಖಜಾಂಚಿ, ಟೆಸ್ಟಿಂಗ್ ಮಾಡುವವನು, ಗಾಡಿ ಓಡಿಸುವವನು. ಸಂಬಳವೋ ಗೌರವಧನವೋ ಇದ್ದರೆ ಅದು ಇದಕ್ಕೇ.

ಸ್ವಭಾವದ ಪಾತ್ರ ಅಂದರೆ ಯಾರೂ ನೇಮಿಸದೇ ನೀವಾಗೇ ಮಾಡುತ್ತಾ ಬಂದದ್ದು. ಜಗಳ ಆದಾಗ ಇಬ್ಬರನ್ನೂ ಕೂರಿಸಿ ಸಮಾಧಾನ ಮಾಡುವುದು, ಹೊಸಬರಿಗೆ ಧೈರ್ಯ ಹೇಳುವುದು, ಎಲ್ಲರೂ ಹೂಂ ಅಂದಾಗ "ಒಂದು ನಿಮಿಷ, ದುಡ್ಡು ಎಲ್ಲಿಂದ?" ಅಂತ ಕೇಳುವುದು.

ನಂಟಿನ ಪಾತ್ರ ಅಂದರೆ ತಂಡದ ಹೊರಗೆ ನೀವು ಅವರಿಗೆ ಏನಾಗಬೇಕು ಅನ್ನುವುದು. ಖಜಾಂಚಿ ನಿಮಗೆ ಬಾವ. ಅಧ್ಯಕ್ಷೆ ನಿಮ್ಮ ಮಗನಿಗೆ ಪಾಠ ಹೇಳಿದವರು. ಗಾಡಿಯವರು ಪಕ್ಕದ ಮನೆಯವರು, ಬೇಸಿಗೆಯಲ್ಲಿ ನೀವು ನೀರು ಸೇದುವುದು ಅವರ ಬಾವಿಯಿಂದ.

1948ರಲ್ಲಿ ಅಮೆರಿಕದ ಕೆನೆತ್ ಬೆನ್ ಮತ್ತು ಪಾಲ್ ಶೀಟ್ಸ್ ಅನ್ನುವ ಇಬ್ಬರು ಗುಂಪಿನ ಪಾತ್ರಗಳ ಬಗ್ಗೆ ಒಂದು ಲೇಖನ ಬರೆದರು. ಕೆಲಸ ಮುಂದೆ ತಳ್ಳುವ ಪಾತ್ರ, ಗುಂಪನ್ನು ಒಟ್ಟಿಗೆ ಹಿಡಿದಿಡುವ ಪಾತ್ರ, ತನ್ನ ಸ್ವಂತಕ್ಕಾಗಿ ಮಾತ್ರ ಆಡುವ ಪಾತ್ರ ಅಂತ ಅವರು ವಿಂಗಡಿಸಿದರು. ನನ್ನ ಮೂರರಲ್ಲಿ ಮೊದಲ ಎರಡನ್ನು ನಾನು ಹೆಚ್ಚುಕಡಿಮೆ ಅಲ್ಲಿಂದಲೇ ತೆಗೆದುಕೊಂಡಿದ್ದೇನೆ. ನಂಟಿನ ಪಾತ್ರ ನಾನು ಸೇರಿಸಿದ್ದು. ನಮ್ಮ ಜಿಲ್ಲೆಯಲ್ಲಿ ಅದನ್ನು ಬಿಟ್ಟು ಯಾವ ತಂಡದ ಲೆಕ್ಕವೂ ಸರಿಹೋಗುವುದಿಲ್ಲ.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು, ಏಳು ದಿನ. ಕೊನೆಗೆ ತಂಡದ ಜೊತೆ ಕೂರಲು ಒಂದೂವರೆ ತಾಸು. ಮತ್ತೆ, ನಿಮಗೆ ನಿಜ ಹೇಳುವ ಇಬ್ಬರು ಬೇಕು. ಇದೇ ಕಷ್ಟದ್ದು.

1. ಏಳು ದಿನ, ಮಾಡಿದ್ದನ್ನೆಲ್ಲ ಬರೆಯಿರಿ

ಮಾಡಬೇಕಾದ್ದನ್ನು ಬರೆಯಬೇಡಿ, ಮಾಡಿದ್ದನ್ನು ಬರೆಯಿರಿ. ಅಂದಂದಿನದು ಅಂದೇ ರಾತ್ರಿ, ಹಿಡಿದ ಸಮಯದ ಸಮೇತ. ಸಂಘದ ಕಾರ್ಯದರ್ಶಿಯೊಬ್ಬರ ಒಂದು ದಿನದ ಪುಟ ಹೀಗಿರಬಹುದು:

ಕಂತಿನ ಹಣ ಎಣಿಸಿ ಪಾಸ್‌ಬುಕ್ಕಿಗೆ ಬರೆದೆ, 40 ನಿಮಿಷ. ಬ್ಯಾಂಕಿಗೆ ಹೋಗಿ ಬಂದೆ, ಟೆಂಪೋ ಕಾದದ್ದೂ ಸೇರಿ ಎರಡೂವರೆ ತಾಸು. ಇಬ್ಬರು ಸದಸ್ಯರ ಮಧ್ಯೆ ಮಾತು ಬಿಟ್ಟಿತ್ತು, ಇಬ್ಬರ ಮನೆಗೂ ಹೋದೆ, ಒಂದು ತಾಸು. ಮೀಟಿಂಗಿಗೆ ಚಾ ಮಾಡಿದೆ, ಲೋಟ ತೊಳೆದೆ, 30 ನಿಮಿಷ. ಅತ್ತೆಯ ಸಾಲದ ಕಂತು ಕೇಳಬೇಕಿತ್ತು, ಕೇಳಲಿಲ್ಲ.

ಕೊನೆಯ ಸಾಲು ನೋಡಿ. ಮಾಡದೇ ಬಿಟ್ಟದ್ದನ್ನೂ ಬರೆಯಬೇಕು, ಅದರಲ್ಲೂ ಸಂಕೋಚದಿಂದ ಬಿಟ್ಟದ್ದನ್ನು. ಆ ಸಾಲುಗಳೇ ಮುಂದೆ ಜಾಸ್ತಿ ಕೆಲಸಕ್ಕೆ ಬರುತ್ತವೆ.

ಎಚ್ಚರಿಕೆ: "ಇದೇನು ದೊಡ್ಡ ಕೆಲಸ, ಸುಮ್ನೆ ಮಾಡಿದ್ದು" ಅಂತ ಸಣ್ಣದನ್ನು ಬಿಡಬೇಡಿ. ಫೋನ್ ಮಾಡಿ ನೆನಪಿಸಿದ್ದು, ವಾಟ್ಸಾಪಿನಲ್ಲಿ ಹತ್ತು ಜನಕ್ಕೆ ಒಂದೇ ಉತ್ತರ ಹಾಕಿದ್ದು, ಇವೆಲ್ಲ ಸೇರಿಯೇ ದಿನ ಮುಗಿಯುವುದು.

2. ಪ್ರತಿ ಸಾಲಿನ ಮುಂದೆ ಗುರುತು ಹಾಕಿ

ಹುದ್ದೆಯದಾದರೆ ಹು, ಸ್ವಭಾವದ್ದಾದರೆ ಸ್ವ, ನಂಟಿನದಾದರೆ ನಂ. ಒಂದು ಸಾಲಿಗೆ ಎರಡು ಗುರುತು ಬಿದ್ದರೂ ಪರವಾಗಿಲ್ಲ. ಆಮೇಲೆ ತಾಸು ಕೂಡಿಸಿ.

ಇಲ್ಲಿ ತುಂಬಾ ಜನರಿಗೆ ಆಶ್ಚರ್ಯ ಆಗುತ್ತದೆ. ಹುದ್ದೆಯ ಕೆಲಸಕ್ಕೇ ವಾರವೆಲ್ಲ ಹೋಯಿತು ಅಂದುಕೊಂಡಿರುತ್ತಾರೆ, ಕೂಡಿಸಿದಾಗ ಅದು ಅರ್ಧವೂ ಇರುವುದಿಲ್ಲ. ಉಳಿದದ್ದೆಲ್ಲ ಸಮಾಧಾನ ಮಾಡಿದ್ದು, ನೆನಪಿಸಿದ್ದು, ಬೇರೆಯವರು ಬಿಟ್ಟದ್ದನ್ನು ಮುಚ್ಚಿದ್ದು.

ಹೆಂಗಸರಿಗೆ ಒಂದು ವಿಶೇಷ ಮಾತು. ಗಂಡಸರೂ ಹೆಂಗಸರೂ ಇರುವ ಸಮಿತಿಗಳಲ್ಲಿ ಚಾ, ತಿಂಡಿ, ನಡಾವಳಿ ಬರೆಯುವುದು, ಬಂದವರನ್ನು ಮಾತಾಡಿಸುವುದು, ಇವು ಯಾರೂ ಹೇಳದೇ ಹೆಂಗಸರ ಪಾಲಿಗೆ ಬಂದುಬಿಡುತ್ತವೆ. ನಡಾವಳಿ ಅಂದರೆ ಸಭೆಯಲ್ಲಿ ಏನಾಯಿತು ಅನ್ನುವ ದಾಖಲೆ. ಅದನ್ನು ಬರೆಯುವವರು ಬರೆಯುವುದರಲ್ಲೇ ಇರುತ್ತಾರೆ, ಮಾತಾಡಲು ಆಗುವುದೇ ಇಲ್ಲ. ಹತ್ತು ಸಭೆ ಹೀಗೆ ಕಳೆದರೆ "ಅವರು ಮೀಟಿಂಗಿನಲ್ಲಿ ಏನೂ ಹೇಳುವುದಿಲ್ಲ" ಅನ್ನುವ ಹೆಸರೂ ಬರುತ್ತದೆ. ನಿಮ್ಮ ಪುಟದಲ್ಲಿ ಇಂಥವು ಜಾಸ್ತಿ ಕಂಡರೆ ಅವಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಇಡಿ. ಅವನ್ನು ಸರದಿಯ ಮೇಲೆ ಹಂಚಬೇಕು. ನಿಮಗೆ ಚೆನ್ನಾಗಿ ಬರುತ್ತದೆ ಅನ್ನುವುದು ನಿಮಗೇ ಅಂಟಿಸಲು ಕಾರಣ ಆಗಬಾರದು.

3. ಇಬ್ಬರನ್ನು ಕೇಳಿ

ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. 1955ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಇದನ್ನೇ ನಾಲ್ಕು ಕಂಡಿಯ ಕಿಟಕಿಯಂತೆ ಚಿತ್ರ ಮಾಡಿ ತೋರಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ಜೋಹರಿ ಕಿಟಕಿ ಅನ್ನುತ್ತಾರೆ. ನಮಗೂ ಬೇರೆಯವರಿಗೂ ಗೊತ್ತಿರುವುದು ಒಂದು ಕಂಡಿ. ನಮಗೆ ಮಾತ್ರ ಗೊತ್ತಿರುವುದು ಇನ್ನೊಂದು. ಬೇರೆಯವರಿಗೆ ಕಂಡು ನಮಗೆ ಕಾಣದ್ದು ಮೂರನೆಯದು. ಯಾರಿಗೂ ಗೊತ್ತಿಲ್ಲದ್ದು ನಾಲ್ಕನೆಯದು. ನಮಗೆ ಈಗ ಬೇಕಾದದ್ದು ಮೂರನೆಯದು.

ಕೇಳುವಾಗ "ನಾನು ಹೇಗೆ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ನಮ್ಮ ಕಡೆ ಎಲ್ಲರೂ "ನೀವಾ? ನೀವು ಒಳ್ಳೆಯವರು" ಅಂದು ಕವಳದ (ಎಲೆ ಅಡಿಕೆಯ) ತಟ್ಟೆ ಮುಂದೆ ತಳ್ಳುತ್ತಾರೆ, ಅಲ್ವಾ? ಹೀಗೆ ಕೇಳಿ: "ನಾನು ಒಂದು ತಿಂಗಳು ಇಲ್ಲ ಅಂದುಕೊಳ್ಳಿ. ಯಾವ ಕೆಲಸ ನಿಲ್ಲುತ್ತದೆ? ಯಾವುದು ನಾನಿಲ್ಲದಿದ್ದರೇ ಸಲೀಸಾಗಿ ನಡೆಯುತ್ತದೆ?"

ಎರಡನೇ ಪ್ರಶ್ನೆ ಕೇಳಲು ಸ್ವಲ್ಪ ಗಟ್ಟಿ ಮನಸ್ಸು ಬೇಕು. ಉತ್ತರ ಬಂದಾಗ ಸಮಜಾಯಿಷಿ ಕೊಡಲು ಹೋಗಬೇಡಿ. ಬರೆದುಕೊಳ್ಳಿ, ಸರಿ ಅನ್ನಿ, ಎದ್ದು ಬನ್ನಿ. ಇಬ್ಬರಲ್ಲಿ ಒಬ್ಬರು ನಿಮಗಿಂತ ಕಿರಿಯರೋ ಹೊಸದಾಗಿ ಸೇರಿದವರೋ ಆಗಿರಲಿ. ಹಳಬರ ಕಣ್ಣಿಗೆ ಎಲ್ಲ ರೂಢಿಯಾಗಿರುತ್ತದೆ.

4. ನಂಟಿನ ಗಂಟನ್ನು ಬಿಡಿಸಿ

ಇದರ ಮೇಲೆ ಜಾಸ್ತಿ ಹೊತ್ತು ಕೂರಬೇಕು. ಕಾರಣ, ನಮ್ಮ ಕಡೆ ತಂಡ ಮುರಿಯುವುದು ಹೆಚ್ಚಾಗಿ ಇಲ್ಲೇ. ಬಾವನ ಹತ್ತಿರ ರಸೀದಿ ಕೇಳುವುದು ಹೇಗೆ? ಕೇಳಿದರೆ ನಂಬಿಕೆ ಇಲ್ಲ ಅಂದಂತಾಗುತ್ತದೆ. ಕೇಳದಿದ್ದರೆ ಲೆಕ್ಕ ಕೂಡುವುದಿಲ್ಲ. ವರ್ಷದ ಕೊನೆಗೆ ಅದೇ ವಿಷಯ ಬೇರೆ ಯಾರೋ ಎತ್ತುತ್ತಾರೆ, ಆಗ ಬಾವನೂ ಹೋಗುತ್ತಾರೆ, ಸಂಘವೂ ಹೋಗುತ್ತದೆ.

ದಾರಿ ನಮ್ಮ ಯಕ್ಷಗಾನದಲ್ಲೇ ಇದೆ. ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚಂಡೆ. ಮುಮ್ಮೇಳದಲ್ಲಿ ವೇಷಧಾರಿಗಳು. ಭಾಗವತರು ವಯಸ್ಸಿನಲ್ಲಿ ಚಿಕ್ಕವರಿರಬಹುದು, ಎದುರಿಗೆ ಇರುವ ಕಲಾವಿದರು ಮೂವತ್ತು ವರ್ಷ ಗೆಜ್ಜೆ ಕಟ್ಟಿದವರಿರಬಹುದು. ಆದರೂ ಆಟ ನಡೆಸುವುದು ಭಾಗವತರು. ಅವರು ಮುಂದಿನ ಪದ್ಯ ಎತ್ತಿದರೆ ಎಷ್ಟು ದೊಡ್ಡ ಕಲಾವಿದರೂ ಅರ್ಥ, ಅಂದರೆ ಮಾತು, ನಿಲ್ಲಿಸಿ ಹೆಜ್ಜೆ ಹಾಕುತ್ತಾರೆ. ಆಟ ಮುಗಿದು ಚೌಕಿಗೆ, ಅಂದರೆ ಬಣ್ಣ ಹಚ್ಚುವ ಜಾಗಕ್ಕೆ ಬಂದ ಮೇಲೆ ಅದೇ ಭಾಗವತರು ಅದೇ ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡಬಹುದು. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ರಂಗಸ್ಥಳ ಎಲ್ಲಿ ಮುಗಿಯುತ್ತದೆ, ಚೌಕಿ ಎಲ್ಲಿ ಶುರುವಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ.

ನಿಮ್ಮ ಸಂಘದಲ್ಲೂ ಅಂಥ ಒಂದು ಗೆರೆ ಬೇಕು. ಅದನ್ನು ಬಾಯಿಬಿಟ್ಟೇ ಹೇಳಬೇಕು. ಉದಾಹರಣೆಗೆ:

"ಬಾವ, ಈಗ ಐದು ನಿಮಿಷ ನಾನು ಕಾರ್ಯದರ್ಶಿಯಾಗಿ ಮಾತಾಡ್ತೇನೆ, ಬೇಜಾರು ಮಾಡ್ಕೋಬೇಡಿ. ಮಾರ್ಚ್ ತಿಂಗಳ ಮೂರು ರಸೀದಿ ಫೈಲಿನಲ್ಲಿ ಇಲ್ಲ. ಗುರುವಾರದ ಒಳಗೆ ಸಿಕ್ಕರೆ ನಾನು ಲೆಕ್ಕ ಮುಗಿಸ್ತೇನೆ."

ಇದರಲ್ಲಿ ನಾಲ್ಕು ಸಂಗತಿ ಇವೆ. ಬಾವ ಅಂತಲೇ ಕರೆದಿರಿ, ನಂಟು ಬಿಡಲಿಲ್ಲ. ಈಗ ಯಾವ ಪಾತ್ರ ಅಂತ ಹೇಳಿದಿರಿ. ಎಷ್ಟು ರಸೀದಿ, ಯಾವ ತಿಂಗಳದ್ದು ಅಂತ ಹೇಳಿದಿರಿ, ಅವರ ಗುಣದ ಬಗ್ಗೆ ಏನೂ ಹೇಳಲಿಲ್ಲ. ದಿನ ಕೊಟ್ಟಿರಿ. ಆಮೇಲೆ "ಅಕ್ಕನ ಮೊಣಕಾಲು ನೋವು ಹೇಗಿದೆ?" ಅಂತ ಕೇಳಿ, ಚೌಕಿಗೆ ವಾಪಸ್ ಬನ್ನಿ.

ಇಲ್ಲಿ ಮೂರು ತಪ್ಪು ಆಗುತ್ತವೆ. ಮದುವೆ ಮನೆಯ ಪಂಕ್ತಿಯಲ್ಲಿ ಲೆಕ್ಕದ ಮಾತು ಎತ್ತುವುದು ಮೊದಲನೆಯದು. ಸಂಘದಲ್ಲಿ ಆದ ಬೇಜಾರನ್ನು ಅಕ್ಕನ ಮೂಲಕ ಬಾವನಿಗೆ ಮುಟ್ಟಿಸುವುದು ಎರಡನೆಯದು, ಇದು ತುಂಬಾ ಕೆಟ್ಟದ್ದು, ಸಂಬಂಧವೇ ಇಲ್ಲದ ಒಬ್ಬರು ಮಧ್ಯೆ ಸಿಕ್ಕಿ ನರಳುತ್ತಾರೆ. ನಂಟರಲ್ಲ ಅನ್ನುವ ಕಾರಣಕ್ಕೆ ಉಳಿದವರ ಹತ್ತಿರ ಮಾತ್ರ ಖಡಕ್ಕಾಗಿ ಇರುವುದು ಮೂರನೆಯದು. ರಸೀದಿ ನಿಯಮ ಇದ್ದರೆ ಎಲ್ಲರಿಗೂ ಒಂದೇ ಇರಲಿ, ಠರಾವು ಮಾಡಿ ಬರೆದಿಡಿ. ಬ್ಯಾಂಕಿನ ಖಾತೆಗೆ ಇಬ್ಬರ ಸಹಿ ಬೇಕು ಅಂತ ಇಡುವುದೂ ಇದಕ್ಕೇ. ಕೇಳುವುದು ನೀವಲ್ಲ, ನಿಯಮ ಅಂತಾದರೆ ನಂಟಿಗೆ ಪೆಟ್ಟು ಬೀಳುವುದಿಲ್ಲ.

5. ಒಂದು ಕೆಲಸಕ್ಕೆ ಒಂದೇ ಹೆಸರು

ಈಗ ತಂಡದ ಮುಖ್ಯ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ನಾಲ್ಕು ಖಾನೆ: ಮಾಡುವವರು, ಹೊಣೆ ಹೊತ್ತವರು, ಕೇಳಬೇಕಾದವರು, ತಿಳಿಸಬೇಕಾದವರು. ಕಂಪನಿಗಳಲ್ಲಿ ಇದಕ್ಕೆ ರೇಸಿ ಚಾರ್ಟ್ ಅನ್ನುತ್ತಾರೆ. ಮಾಡುವವರು ಎಷ್ಟು ಜನವಾದರೂ ಇರಲಿ. ಹೊಣೆಯ ಖಾನೆಯಲ್ಲಿ ಮಾತ್ರ ಒಂದೇ ಹೆಸರು. ಎರಡು ಬರೆದರೆ ಇಬ್ಬರೂ "ಅವರು ನೋಡಿಕೊಳ್ತಾರೆ" ಅಂದುಕೊಳ್ಳುತ್ತಾರೆ.

ನಾನು ಒಮ್ಮೆ ಹಲಸಿನ ಹಪ್ಪಳ ಮಾಡುವ ಗುಂಪೊಂದರ ಜೊತೆ ಇದ್ದೆ. ಸೊಳೆ ಬಿಡಿಸುವುದು ಯಾರು, ಬೇಯಿಸುವುದು ಯಾರು, ರುಬ್ಬುವುದು ಯಾರು, ಒತ್ತುವುದು ಯಾರು, ಎಲ್ಲ ಹಂಚಿಕೆ ಆಗಿತ್ತು. ಅಂಗಳದಲ್ಲಿ ಚಾಪೆಯ ಮೇಲೆ ಹರವಿದ ಹಪ್ಪಳವನ್ನು ಮಳೆ ಬಂದರೆ ಒಳಗೆ ತರುವವರು ಯಾರು ಅಂತ ಮಾತ್ರ ಯಾರೂ ಬರೆದಿರಲಿಲ್ಲ. "ಎಲ್ಲರೂ ಇಲ್ಲೇ ಇರ್ತೇವಲ್ಲ" ಅಂದಿದ್ದರು. ಮೇ ತಿಂಗಳ ಮಧ್ಯಾಹ್ನ ಗುಡುಗಿ ಸುರಿಯಿತು. ಹನ್ನೊಂದು ಜನ ಒಳಗೆ ಊಟಕ್ಕೆ ಕೂತಿದ್ದರು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಎದ್ದು ಓಡುವ ಹೊತ್ತಿಗೆ ಅರ್ಧ ಹಪ್ಪಳ ಚಾಪೆಗೆ ಅಂಟಿಕೊಂಡಿತ್ತು, ಬೆಳಗಿನಿಂದ ಒತ್ತಿದವರ ಕೈಯಲ್ಲಿ ಇನ್ನೂ ಹಲಸಿನ ಮೇಣ ಹೋಗಿರಲಿಲ್ಲ.

ಅವರು ಯಾರೂ ಕೆಲಸಗಳ್ಳರಲ್ಲ. ಗುಂಪಿನಲ್ಲಿ ಹೀಗಾಗುವುದಕ್ಕೆ ರಿಂಗೆಲ್ಮನ್ ಪರಿಣಾಮ ಅನ್ನುವ ಹೆಸರೇ ಇದೆ. ಮ್ಯಾಕ್ಸ್ ರಿಂಗೆಲ್ಮನ್ ಅನ್ನುವ ಫ್ರಾನ್ಸಿನ ಕೃಷಿ ಎಂಜಿನಿಯರ್ ಹಗ್ಗ ಎಳೆಸಿ ನೋಡಿದ, ಲೆಕ್ಕವನ್ನು 1913ರಲ್ಲಿ ಪ್ರಕಟಿಸಿದ. ಜನ ಹೆಚ್ಚಾದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತಿತ್ತು. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲು, ಒಬ್ಬರೇ ಎಳೆದಾಗಿನ ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಟ್ಟಿಗೆ ಒಂದೇ ಕ್ಷಣಕ್ಕೆ ಎಳೆಯದೇ ಇರುವುದು ಒಂದು ಕಾರಣ, ಉಳಿದವರು ಎಳೆಯುತ್ತಾರೆ ಅನ್ನುವ ಭಾವನೆ ಇನ್ನೊಂದು.

ಕಾರವಾರದ ಕಡೆಯ ರಂಪಣಿ, ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಮೀನುಬಲೆ, ನೆನಪಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. 1970ರ ದಶಕದಲ್ಲಿ ಸಮುದ್ರದಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಯಿತು, ಆದರೆ ಆ ಕೆಲಸದ ಜೋಡಣೆ ನೋಡುವಂಥದ್ದು. ದೋಣಿಯವರು ಸಮುದ್ರದಲ್ಲಿ ಅರ್ಧಚಂದ್ರದಂತೆ ಬಲೆ ಬಿಡುತ್ತಾ ಸುತ್ತಿ ಬರುತ್ತಾರೆ, ದಂಡೆಯಲ್ಲಿ ಎರಡು ಕಡೆ ಸಾಲಾಗಿ ನಿಂತವರು ಹಗ್ಗ ಎಳೆಯುತ್ತಾರೆ. ಒಂದು ಕಡೆಯವರು ನಿಧಾನ ಮಾಡಿದರೆ ಬಲೆ ಓರೆಯಾಗಿ ಬಂಗಡೆ ತಪ್ಪಿಸಿಕೊಳ್ಳುತ್ತದೆ. ಯಾರು ಯಾವ ಕಡೆ, ಯಾರ ಕೂಗಿಗೆ ಎಳೆಯಬೇಕು, ಸಿಕ್ಕಿದ ಮೀನಿನಲ್ಲಿ ಯಾರಿಗೆ ಎಷ್ಟು ಪಾಲು, ಇದು ಮೊದಲೇ ಗೊತ್ತಿದ್ದರೆ ಮಾತ್ರ ಅಷ್ಟು ಜನ ಒಂದು ಬಲೆ ಎಳೆಯಲು ಆಗುವುದು.

ನಿಮ್ಮ ಹಾಳೆಯಲ್ಲೂ "ಎಲ್ಲರೂ" ಅನ್ನುವ ಪದ ಹೊಣೆಯ ಖಾನೆಗೆ ಬರಬಾರದು. ಹಪ್ಪಳದ ಗುಂಪಿನವರು ಆಮೇಲೆ ಬರೆದದ್ದು ಹೀಗೆ: ಮಳೆ ಬಂದರೆ ಒಳಗೆ ತರುವ ಕೆಲಸ. ಮಾಡುವವರು, ಅಲ್ಲಿರುವ ಎಲ್ಲರೂ. ಹೊಣೆ, ಆ ದಿನ ಒತ್ತುವ ಸರದಿ ಇಲ್ಲದ ಒಬ್ಬರು, ಹೆಸರು ಬೆಳಿಗ್ಗೆಯೇ ಗೋಡೆಯ ಮೇಲೆ. ಕೇಳಬೇಕಾದವರು ಯಾರೂ ಇಲ್ಲ, ಮಳೆಗೆ ಠರಾವು ಮಾಡಲು ಆಗುವುದಿಲ್ಲ. ತಿಳಿಸಬೇಕಾದವರು, ಆರ್ಡರ್ ನೋಡಿಕೊಳ್ಳುವವರು.

ತಿಳಿಸುವ ಖಾನೆಯನ್ನು ಖಾಲಿ ಬಿಡುವುದೂ ಒಂದು ದೊಡ್ಡ ತಪ್ಪು. ಮನೆಯಿಂದ ಕೆಲಸ ಮಾಡುವವರು ಇದನ್ನು ಮುಖ್ಯವಾಗಿ ಗಮನಿಸಿ. ಜುಲೈ ತಿಂಗಳಲ್ಲಿ ನಮ್ಮ ಕಡೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಅದು ಗೊತ್ತಿಲ್ಲ. ಅವರಿಗೆ ಕಾಣುವುದು ನೀವು ಉತ್ತರ ಕೊಡಲಿಲ್ಲ ಅನ್ನುವುದು ಮಾತ್ರ. ನೆಟ್‌ವರ್ಕ್ ಹೋದರೆ ಯಾರಿಗೆ ತಿಳಿಸಬೇಕು, ಎಲ್ಲಿಂದ ತಿಳಿಸುತ್ತೀರಿ, ನಿಮ್ಮ ಕೆಲಸ ಆಗ ಯಾರ ಕೈಗೆ ಹೋಗುತ್ತದೆ, ಮಳೆಗಾಲಕ್ಕೆ ಮೊದಲೇ ಮಾತಾಡಿ ಬರೆದಿಡಿ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವುದು ನಿಮ್ಮ ಹುದ್ದೆಯ ಪಾತ್ರದಲ್ಲಿ ಇದೆಯೋ ಇಲ್ಲವೋ ಅನ್ನುವುದನ್ನೂ ಕೇಳಿಕೊಳ್ಳಿ.

6. ತಂಡದ ಜೊತೆ ಕೂತು ಮಾತಾಡಿ

ಇಷ್ಟು ದಿನ ನೀವೊಬ್ಬರೇ ಬರೆದಿರಿ. ಈಗ ಎಲ್ಲರೂ ತಮ್ಮ ತಮ್ಮ ಪುಟ ಬರೆದು ತರಲಿ. ಆಗದಿದ್ದರೆ ಕೂತಲ್ಲೇ ಹತ್ತು ನಿಮಿಷ ಬರೆಯಲಿ. ಆ ದಿನ ಚಾ ಮಾಡುವವರು ಬೇರೆಯವರಾಗಿರಲಿ.

ಶುರು ಮಾಡುವಾಗ ದೂರಿನಿಂದ ಶುರು ಮಾಡಬೇಡಿ. "ನಾನು ಇದನ್ನೆಲ್ಲ ಮಾಡ್ತಾ ಇದ್ದೇನೆ, ನೀವ್ಯಾರೂ ನೋಡಲ್ಲ" ಅಂದರೆ ಅಲ್ಲಿಗೆ ಮುಗಿಯಿತು. "ನಾನು ಮಾಡುತ್ತಿರುವುದು ಇಷ್ಟು, ಇದರಲ್ಲಿ ಯಾವುದು ನನ್ನದು ಅಂತ ನಾವೆಲ್ಲ ಸೇರಿ ಹೇಳೋಣ" ಅನ್ನಿ. ಹಾಳೆ ಮಧ್ಯದಲ್ಲಿ ಇಡಿ. ಜನ ಒಬ್ಬರ ಮುಖ ಒಬ್ಬರು ನೋಡುವ ಬದಲು ಹಾಳೆ ನೋಡಿ ಮಾತಾಡಿದರೆ ದನಿ ತಾನಾಗೇ ತಗ್ಗುತ್ತದೆ.

ನೀವು ಬಿಡಬೇಕು ಅಂದುಕೊಂಡದ್ದನ್ನು ಸುಮ್ನೆ ಬಿಡಬೇಡಿ, ಕೈಗೆ ಕೊಟ್ಟು ಬಿಡಿ. ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವುದನ್ನು ನೋಡಿದ್ದೀರಲ್ಲ. ಮೇಲಿದ್ದವರು ಕೊನೆ ಕೊಯ್ದು ಹಗ್ಗಕ್ಕೆ ಬಿಡುವ ಮೊದಲು ಕೆಳಗೆ ಹಗ್ಗ ಹಿಡಿದವರು ಸರಿಯಾಗಿ ನಿಂತಿದ್ದಾರಾ ಅಂತ ನೋಡುತ್ತಾರೆ, ಕೂಗುತ್ತಾರೆ, ಕೆಳಗಿನಿಂದ ಹೂಂ ಬಂದ ಮೇಲೇ ಬಿಡುತ್ತಾರೆ. "ಮುಂದಿನ ತಿಂಗಳಿಂದ ಬ್ಯಾಂಕಿನ ಓಡಾಟ ನಿಮ್ಮದು, ಈ ತಿಂಗಳು ಒಟ್ಟಿಗೆ ಹೋಗೋಣ, ಚಲನ್ ತುಂಬುವುದು ತೋರಿಸ್ತೇನೆ" ಅನ್ನಿ. ಹೂಂ ಬರುವವರೆಗೆ ಕಾಯಿರಿ.

ಸ್ವಭಾವದ ಪಾತ್ರದಲ್ಲಿ ನಿಮಗೆ ಇಷ್ಟವಾದದ್ದೂ ಇರುತ್ತದೆ. ಹೊಸಬರನ್ನು ಮಾತಾಡಿಸುವುದು ನಿಮಗೆ ಖುಷಿ ಕೊಟ್ಟರೆ ಅದನ್ನು ಇಟ್ಟುಕೊಳ್ಳಿ, ಆದರೆ ತಂಡ ಅದನ್ನು ಕೆಲಸ ಅಂತ ಒಪ್ಪಿ ಹಾಳೆಯಲ್ಲಿ ಬರೆಯಲಿ. ಹಾಳೆಗೆ ಬಂದರೆ ಅದಕ್ಕೂ ಹೊತ್ತು ಸಿಗುತ್ತದೆ.

ಎಚ್ಚರಿಕೆ: ಪಾತ್ರ ಬರೆದುಬಿಟ್ಟ ಮೇಲೆ "ಅದು ನನ್ನ ಕೆಲಸ ಅಲ್ಲ" ಅನ್ನುವ ರೋಗ ಶುರುವಾಗಬಹುದು. ಹಪ್ಪಳ ನೆನೆಯುತ್ತಿರುವಾಗ ಹಾಳೆ ನೋಡುತ್ತಾ ನಿಲ್ಲಬೇಡಿ. ಮೊದಲು ಒಳಗೆ ತನ್ನಿ, ಆಮೇಲೆ ಹೊಣೆ ಹೊತ್ತವರಿಗೆ ತಿಳಿಸಿ.

7. ಮತ್ತೆ ತೆರೆದು ನೋಡಿ

ಒಂದು ಸಲ ಮಾಡಿ ಮುಗಿಯುವ ಕೆಲಸ ಇದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ ಅನ್ನುವವರು 1965ರಲ್ಲಿ ಹೇಳಿದ ಪ್ರಕಾರ ತಂಡಗಳು ನಾಲ್ಕು ಹಂತ ದಾಟುತ್ತವೆ: ಕೂಡುವುದು, ಕಿತ್ತಾಡುವುದು, ಹೊಂದಿಕೊಳ್ಳುವುದು, ಕೆಲಸ ಸರಾಗವಾಗುವುದು. ಹೊಸಬರು ಬಂದರೆ, ಹಳಬರು ಹೋದರೆ, ಕೆಲಸ ದೊಡ್ಡದಾದರೆ ಹಿಂದಿನ ಹಂತಕ್ಕೆ ಹೋಗುವುದೂ ಇದೆ. ಹಾಗಾಗಿ ಪಟ್ಟಿ ಬರೆದ ಮೊದಲ ತಿಂಗಳು ಜಗಳ ಸ್ವಲ್ಪ ಜಾಸ್ತಿಯಾದರೆ ಗಾಬರಿಯಾಗಬೇಡಿ. ಮುಚ್ಚಿಟ್ಟದ್ದು ಹೊರಗೆ ಬರುತ್ತಿದೆ ಅಷ್ಟೇ.

ಮೂರು ತಿಂಗಳಿಗೊಮ್ಮೆ ನೋಡಿ. ತೋಟದ ಕೆಲಸ ಇರುವವರು ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಮೀನಿನ ಕೆಲಸದವರಿಗೆ ಜೂನ್, ಜುಲೈನಲ್ಲಿ ಬೋಟು ದಡಕ್ಕೆ ಬಂದಿರುವಾಗ ಕೂರುವುದು ಸುಲಭ. ಪ್ರತಿ ಹೆಸರಿನ ಮುಂದೆ ಎರಡೇ ಪ್ರಶ್ನೆ: ಇದು ಇನ್ನೂ ಇವರದೇನಾ? ಇವರು ಇದರಿಂದ ಸುಸ್ತಾಗಿದ್ದಾರಾ? ಎರಡನೆಯದಕ್ಕೆ ಉತ್ತರ ಅವರೇ ಹೇಳಲಿ, ಬೇರೆಯವರು ಹೇಳುವುದು ಬೇಡ.

ಹಾಳೆಯ ಮೇಲೆ ತಾರೀಕು ಬರೆಯಿರಿ, ಎಲ್ಲರೂ ಸಹಿ ಹಾಕಿ, ನಡಾವಳಿ ಪುಸ್ತಕದಲ್ಲಿ ಅಂಟಿಸಿ. ಹೊಸ ಹಾಳೆ ಬಂದಾಗ ಹಳೆಯದನ್ನು ಹರಿಯಬೇಡಿ. ಮುಂದಿನ ವರ್ಷ ಯಾರಾದರೂ ಹೊಸಬರು ಸೇರಿ "ನಾನು ಇಲ್ಲಿ ಏನು ಮಾಡಬೇಕು?" ಅಂತ ಕೇಳಿದಾಗ ಅವರ ಕೈಗೆ ಕೊಡಲು ಅದು ಬೇಕಾಗುತ್ತದೆ.